ಮನೆಯ ಕಂಪ್ಯೂಟರ್ ಭದ್ರತೆ: ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು

ಕಂಪ್ಯೂಟರ್ ಭದ್ರತೆಯ ಮಾತು ಬಂದರೆ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, “ಯಾವ ಆಂಟಿವೈರಸ್ ಒಳ್ಳೇದು?” ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಬರುವುದು ತುಂಬಾ ಆಮೇಲೆ. ಮೊದಲು ಯೋಚಿಸಬೇಕಾದದ್ದು ಇದು: ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಆನ್ ಆಗಲೇ ಇಲ್ಲ ಅಂದರೆ ನನ್ನದು ಏನೇನು ಹೋಗುತ್ತದೆ?

ಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೋ, ತೀರಿಕೊಂಡವರ ದನಿ, ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ, ಅರ್ಧ ಮುಗಿದ ಪ್ರಬಂಧ, ಇವೆಲ್ಲ ಒಮ್ಮೆ ಹೋದರೆ ಹೋದ ಹಾಗೇ. ಅದಕ್ಕೇ ಇಲ್ಲಿನ ಕ್ರಮವನ್ನು ಬೇಕೆಂದೇ ಹೀಗೆ ಇಟ್ಟಿದ್ದೇನೆ. ಮೊದಲು ಮತ್ತೆ ಸಿಗದ ವಸ್ತುಗಳು, ಆಮೇಲೆ ಎಲ್ಲ ಖಾತೆಗಳ ಬಾಗಿಲು ತೆಗೆಯುವ ಇಮೇಲ್, ಉಳಿದದ್ದು ನಂತರ. ಒಂದೇ ದಿನ ಎಲ್ಲ ಮುಗಿಸಬೇಕಾಗಿಲ್ಲ. ಮೇಲಿನಿಂದ ಶುರು ಮಾಡಿ ನಡುವೆ ನಿಲ್ಲಿಸಿದರೂ ತುಂಬಾ ಮುಖ್ಯವಾದದ್ದು ಆಗಿಯೇ ಇರುತ್ತದೆ.

ಹಂತ 1: ಬ್ಯಾಕಪ್

ಒಂದು ಹಾಳೆ ತಗೊಂಡು ಕಳೆದುಹೋಗಬಾರದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲೇ ಅದು ಎಲ್ಲಿದೆ ಅಂತಲೂ ಬರೆಯಿರಿ. ಈ ಎರಡನೇ ಭಾಗದಲ್ಲೇ ಎಡವಟ್ಟು ಗೊತ್ತಾಗುವುದು. ಅರ್ಧ ಫೈಲುಗಳು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ, ಕೆಲವು ಡೆಸ್ಕ್‌ಟಾಪ್ ಮೇಲೆ, ಫೋಟೋಗಳೆಲ್ಲ ಫೋನಿನಲ್ಲಿ, ಮುಖ್ಯ ಕಾಗದಪತ್ರ ವಾಟ್ಸಾಪ್ ಚಾಟ್ ಒಳಗೆ. ಎಲ್ಲವನ್ನೂ ಒಂದೆರಡು ಫೋಲ್ಡರ್‌ಗೆ ತಂದು ಸೇರಿಸಿ. ಎಲ್ಲಿದೆ ಅಂತ ಗೊತ್ತಿಲ್ಲದ ಫೈಲನ್ನು ಯಾವ ಸಾಫ್ಟ್‌ವೇರೂ ಕಾಪಾಡಲಾರದು.

ಎಷ್ಟು ಪ್ರತಿ ಬೇಕು ಅನ್ನುವುದಕ್ಕೆ ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ 3-2-1 ಸೂತ್ರ ಇಂದಿಗೂ ಸರಿಯಾಗಿದೆ. ಒಟ್ಟು 3 ಪ್ರತಿ, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಮನೆಯಿಂದ ಹೊರಗೆ. ಸಾಮಾನ್ಯ ಬಳಕೆದಾರರಿಗೆ ಇದರ ಅರ್ಥ ಇಷ್ಟೇ: ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಇನ್ನೊಂದು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್, ಐಕ್ಲೌಡ್‌ಗಳು ಮಾಡುವುದು ಮುಖ್ಯವಾಗಿ ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ಫೈಲ್ ಹಾಳಾದರೆ ಹಾಳಾದದ್ದೇ ಅಲ್ಲಿಗೂ ಹೋಗುತ್ತದೆ. ಅಳಿಸಿದ ಫೈಲ್ ಕೆಲವು ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ ನಿಜ, ಆದರೆ ನಿಮ್ಮ ಗಮನಕ್ಕೆ ಬರುವಷ್ಟರಲ್ಲಿ ಆ ದಿನಗಳು ಕಳೆದಿರಬಹುದು. ಹಾಗಾಗಿ ಕ್ಲೌಡ್ ಒಂದನ್ನೇ ನಂಬಿ ಕೂರಬೇಡಿ. ಹೊರಗಿನ ಡಿಸ್ಕ್ ಬೇಕೇ ಬೇಕು.

ವಿಂಡೋಸ್‌ನಲ್ಲಿ ಡಿಸ್ಕ್ ಜೋಡಿಸಿ, ಕಂಟ್ರೋಲ್ ಪ್ಯಾನೆಲ್ ತೆರೆದು ‘ಫೈಲ್ ಹಿಸ್ಟರಿ’ ಆನ್ ಮಾಡಿ. ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರ್‌ಗಳನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಆದರೆ ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ‘ಫ್ಯಾಮಿಲಿ ಫೋಟೋಸ್’ ಫೋಲ್ಡರ್ ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಲೈಬ್ರರಿಗೆ ಸೇರಿಸಬೇಕು, ಇಲ್ಲವೇ ನೀವೇ ಕೈಯಾರೆ ಕಾಪಿ ಮಾಡಬೇಕು. ಮ್ಯಾಕ್‌ನಲ್ಲಿ ‘ಟೈಮ್ ಮಷೀನ್’ ಇದೆ. ಹಿಂದಿನ 24 ಗಂಟೆಗೆ ಗಂಟೆಗೊಂದು, ಹಿಂದಿನ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ. ಡಿಸ್ಕ್ ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ತೆಗೆದುಹಾಕುತ್ತದೆ. ಡಿಸ್ಕ್‌ನಲ್ಲಿ ಮೊದಲೇ ಏನಾದರೂ ಇದ್ದರೆ ಬೇರೆ ಕಡೆ ತೆಗೆದಿಟ್ಟು ಶುರು ಮಾಡಿ, ಯಾಕಂದರೆ ಹೊಂದಿಸುವಾಗ ಡಿಸ್ಕನ್ನು ಅಳಿಸಬೇಕಾಗಬಹುದು.

ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಳಚಿ ಎತ್ತಿಡಿ. ಇದನ್ನು ಮರೆಯಲೇಬೇಡಿ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಕಂಪ್ಯೂಟರ್‌ಗೆ ಜೋಡಿಸಿರುವ ಎಲ್ಲ ಡ್ರೈವ್‌ಗಳನ್ನೂ ಹುಡುಕುತ್ತದೆ. ಸದಾ ಚುಚ್ಚಿಕೊಂಡೇ ಇರುವ ಬ್ಯಾಕಪ್ ಡಿಸ್ಕ್ ಆಗ ಕಂಪ್ಯೂಟರ್ ಜೊತೆಗೇ ಹೋಗುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಜೋಡಿಸಿ, ಕಾಪಿಯಾಗಲು ಬಿಟ್ಟು, ಕಳಚಿ.

ಇನ್ನೊಂದು, ವಾಪಸ್ ತಂದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಅಂತ ಲೆಕ್ಕ ಹಿಡಿಯಬೇಡಿ. ಒಂದು ಹಳೆಯ ಫೋಟೋ, ಒಂದು ಡಾಕ್ಯುಮೆಂಟ್, ಒಂದು ದೊಡ್ಡ ವಿಡಿಯೋ ಆರಿಸಿಕೊಂಡು ಡಿಸ್ಕ್‌ನಿಂದ ಬೇರೆ ಫೋಲ್ಡರ್‌ಗೆ ಹಾಕಿ, ತೆರೆದು ನೋಡಿ. ವಿಡಿಯೋ ಕೊನೆವರೆಗೂ ಓಡುತ್ತದಾ? ಆಗಾಗ ಹೀಗೆ ಮಾಡಿ. ಪೆನ್‌ಡ್ರೈವ್‌ನಲ್ಲಿ ತುಂಬಿ ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದು ಬೇಡ. ವಿದ್ಯುತ್ ಸಿಗದೆ ಬಹಳ ಕಾಲ ಬಿದ್ದಿರುವ ಫ್ಲ್ಯಾಶ್ ಮೆಮೊರಿಯಿಂದ ಡೇಟಾ ಮೆಲ್ಲಗೆ ಸೋರಿಹೋಗಬಹುದು.

ಹಂತ 2: ಇಮೇಲ್ ಖಾತೆ

ಯಾವ ತಾಣಕ್ಕೆ ಹೋದರೂ ‘ಪಾಸ್‌ವರ್ಡ್ ಮರೆತಿರಾ?’ ಅನ್ನುವ ಕೊಂಡಿ ಇರುತ್ತದೆ, ಅಲ್ವಾ? ಅದನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ದಾರಿ ಬರುವುದು ನಿಮ್ಮ ಇಮೇಲ್‌ಗೆ. ಅಂದರೆ ಇಮೇಲ್ ಕೈಗೆ ಸಿಕ್ಕವರಿಗೆ ಉಳಿದ ಎಷ್ಟೋ ಖಾತೆಗಳು ಒಂದೊಂದಾಗಿ ಸಿಗುತ್ತಾ ಹೋಗುತ್ತವೆ. ಅದಕ್ಕೆ ಬ್ಯಾಂಕ್ ಖಾತೆಗಿಂತ ಮೊದಲು ಇದನ್ನು ಭದ್ರ ಮಾಡಿ.

ಬೇರೆಲ್ಲೂ ಬಳಸದ ಉದ್ದನೆಯ ಹೊಸ ಪಾಸ್‌ವರ್ಡ್ ಇಡಿ. ನಂತರ ಸೆಟ್ಟಿಂಗ್ಸ್ ಒಳಗೆ ಹೋಗಿ ಮೂರು ಕಡೆ ಕಣ್ಣಾಡಿಸಿ. ಮೊದಲನೆಯದು, ಖಾತೆ ವಾಪಸ್ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಮತ್ತು ಎರಡನೇ ಇಮೇಲ್. ಎಂದೋ ಬಿಟ್ಟ ಹಳೇ ನಂಬರ್ ಅಲ್ಲೇ ಉಳಿದಿದ್ದರೆ ಅದು ಈಗ ಬೇರೆಯವರ ಕೈಯಲ್ಲಿರಬಹುದು. ಎರಡನೆಯದು, ಲಾಗಿನ್ ಆಗಿರುವ ಸಾಧನಗಳ ಪಟ್ಟಿ. ಗುರುತಿಲ್ಲದ ಸಾಧನವನ್ನು ಹೊರಹಾಕಿ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ: ಫಾರ್ವರ್ಡಿಂಗ್ ಮತ್ತು ಫಿಲ್ಟರ್. ಖಾತೆಯೊಳಗೆ ಒಮ್ಮೆ ನುಗ್ಗಿದವರು, ಬರುವ ಮೇಲ್‌ಗಳೆಲ್ಲ ತಮಗೂ ಒಂದು ಪ್ರತಿ ಬರುವಂತೆ ನಿಯಮ ಮಾಡಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಕೆಲಸ ಮಾಡುತ್ತಿರುತ್ತದೆ. ನೀವು ಮಾಡದ ನಿಯಮ ಕಂಡರೆ ಅಳಿಸಿ.

ಹಂತ 3: ಪಾಸ್‌ವರ್ಡ್

ಕಳ್ಳರು ಒಬ್ಬೊಬ್ಬರ ಪಾಸ್‌ವರ್ಡನ್ನೂ ಕೂತು ಊಹಿಸುವುದು ಕಡಿಮೆ. ಯಾವುದೋ ಒಂದು ತಾಣದಿಂದ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ತಂದು, ಬೇರೆ ನೂರಾರು ತಾಣಗಳಲ್ಲಿ ಯಂತ್ರದ ಕೈಯಿಂದ ಹಾಕಿಸಿ ನೋಡುತ್ತಾರೆ. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಟ್ಟಿದ್ದರೆ, ಆ ಹತ್ತರಲ್ಲಿ ಯಾವುದು ತುಂಬಾ ಸಡಿಲವೋ ಅಷ್ಟೇ ನಿಮ್ಮ ಭದ್ರತೆ.

ಪ್ರತಿ ತಾಣಕ್ಕೂ ಬೇರೆ ಪಾಸ್‌ವರ್ಡ್ ಬೇಕು. ಅಷ್ಟನ್ನು ನೆನಪಿಡುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಪಾಸ್‌ವರ್ಡ್ ಮ್ಯಾನೇಜರ್ ಇರುವುದು. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್‌ನಂಥವು ಎಲ್ಲ ಸಾಧನಗಳಲ್ಲೂ ಹೊಂದಿಕೊಂಡು ನಡೆಯುತ್ತವೆ. ಕೀಪಾಸ್‌ಎಕ್ಸ್‌ಸಿ ಎಲ್ಲವನ್ನೂ ನಿಮ್ಮ ಕಂಪ್ಯೂಟರ್‌ನ ಒಂದು ಫೈಲ್‌ನಲ್ಲೇ ಇಡುತ್ತದೆ. ಆ ಫೈಲಿನ ಬ್ಯಾಕಪ್ ನಿಮ್ಮ ಹೊಣೆ. ಬ್ರೌಸರ್‌ನೊಳಗಿನ ಪಾಸ್‌ವರ್ಡ್ ಮ್ಯಾನೇಜರ್ ಕೂಡ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎಷ್ಟೋ ಮೇಲು. ನನ್ನ ಒಲವು ಮಾತ್ರ ಪ್ರತ್ಯೇಕ ಮ್ಯಾನೇಜರ್ ಕಡೆಗೆ. ಮಾಹಿತಿ ಕದಿಯುವ ಕುತಂತ್ರಾಂಶಗಳು ಮೊದಲು ಕೈಹಾಕುವುದೇ ಬ್ರೌಸರ್‌ನಲ್ಲಿ ಉಳಿಸಿಟ್ಟದ್ದಕ್ಕೆ.

ಮ್ಯಾನೇಜರ್‌ನಿಂದ ಇನ್ನೊಂದು ಲಾಭವಿದೆ. ನಕಲಿ ತಾಣ ನಿಮ್ಮ ಕಣ್ಣಿಗೆ ಅಸಲಿಯಂತೆಯೇ ಕಾಣಬಹುದು. ಮ್ಯಾನೇಜರ್ ನೋಡುವುದು ವಿಳಾಸವನ್ನು. ವಿಳಾಸ ಹೊಂದದಿದ್ದರೆ ಅದು ಪಾಸ್‌ವರ್ಡ್ ತುಂಬುವುದಿಲ್ಲ. ದಿನಾ ತಾನಾಗಿ ತುಂಬುವ ಕಡೆ ಇವತ್ತು ತುಂಬಲಿಲ್ಲ ಅಂದರೆ ಸುಮ್ನೆ ಕೈಯಿಂದ ಟೈಪ್ ಮಾಡಬೇಡಿ. ನಿಂತು ವಿಳಾಸ ಓದಿ.

ಈಗ ನೀವು ನೆನಪಿಡಬೇಕಾದದ್ದು ಒಂದೇ, ಮ್ಯಾನೇಜರ್‌ನ ಮುಖ್ಯ ಪಾಸ್‌ವರ್ಡ್. ಅದಕ್ಕೆ ‘ಡೈಸ್‌ವೇರ್’ ಅನ್ನುವ ಹಳೆಯ ವಿಧಾನ ಬಲು ಚೆನ್ನ. ದಾಳವನ್ನು ಐದು ಸಲ ಉರುಳಿಸಿದರೆ 7,776 ರೀತಿಯ ಫಲಿತಾಂಶ ಬರಬಹುದು. ಪಟ್ಟಿಯಲ್ಲಿ ಅಷ್ಟೇ ಪದಗಳಿರುತ್ತವೆ, ಬಿದ್ದ ಅಂಕಿಗೆ ತಕ್ಕ ಪದ ತೆಗೆದುಕೊಳ್ಳುವುದು. ಹೀಗೆ ಆರು ಪದ ಜೋಡಿಸಿ. ಪಟ್ಟಿ ಇಲ್ಲದಿದ್ದರೆ ನಿಘಂಟನ್ನು ಕಣ್ಣುಮುಚ್ಚಿ ಆರು ಕಡೆ ತೆರೆದು ಸಿಕ್ಕ ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬಹುದು. ಗಾದೆ, ಹಾಡಿನ ಸಾಲು, ಮಕ್ಕಳ ಹೆಸರು ಬೇಡ. ಪದಗಳನ್ನು ನೀವು ಆರಿಸಬಾರದು, ಅವು ತಾವಾಗಿ ಬೀಳಬೇಕು. ಅದರಲ್ಲೇ ಇರುವುದು ಬಲ.

ಈ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ದಾಖಲೆಗಳ ಜೊತೆ ಇಡುವುದರಲ್ಲಿ ತಪ್ಪೇನಿಲ್ಲ. ದೂರದಲ್ಲಿ ಕೂತ ಕಳ್ಳನ ಕೈ ನಿಮ್ಮ ಬೀರುವಿನವರೆಗೆ ಚಾಚುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಅನ್ನುವ ಹಳೇ ನಿಯಮವನ್ನೂ ಬಿಟ್ಟುಬಿಡಿ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಅದನ್ನು ಕೈಬಿಡಲು ಹೇಳಿತು. ಪದೇ ಪದೇ ಬದಲಿಸಬೇಕಾದಾಗ ಜನ ಕೊನೆಗೊಂದು ಅಂಕಿ ಸೇರಿಸುತ್ತಾರೆ, ಅಷ್ಟೇ. ಸೋರಿದೆ ಅಂತ ಗೊತ್ತಾದಾಗ ಬದಲಿಸಿ. ಅದನ್ನು ತಿಳಿಯಲು ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ನಿಮ್ಮ ಇಮೇಲ್ ಹಾಕಿ ನೋಡಬಹುದು.

ಹಂತ 4: ಎರಡನೇ ಬೀಗ

ಪಾಸ್‌ವರ್ಡ್ ಕದ್ದುಹೋದರೂ ಖಾತೆ ಉಳಿಯಬೇಕಾದರೆ ಎರಡು ಹಂತದ ಲಾಗಿನ್ ಆನ್ ಮಾಡಿ. ಮೊದಲು ಇಮೇಲ್‌ಗೆ, ಆಮೇಲೆ ಹಣಕಾಸಿನ ಖಾತೆಗಳಿಗೆ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಏನೂ ಇಲ್ಲದಿರುವುದಕ್ಕಿಂತ ಒಳ್ಳೆಯದು. ಆದರೆ ಮೋಸದಿಂದ ನಿಮ್ಮ ನಂಬರಿಗೆ ಬೇರೆ ಸಿಮ್ ಪಡೆದರೆ ಅದು ಅವರ ಪಾಲು. ಫೋನಿನಲ್ಲೇ ಕೋಡ್ ತಯಾರಿಸುವ ಆಥೆಂಟಿಕೇಟರ್ ಆ್ಯಪ್ ಇದಕ್ಕಿಂತ ಗಟ್ಟಿ. ಪಾಸ್‌ವರ್ಡ್ ಬದಲು ನಿಮ್ಮ ಸಾಧನದ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಲಾಗಿನ್ ಮಾಡಿಸುವ ಪಾಸ್‌ಕೀ ಇನ್ನೂ ಗಟ್ಟಿ, ಯಾಕಂದರೆ ಅದು ಅಸಲಿ ತಾಣದ ವಿಳಾಸಕ್ಕೇ ಕಟ್ಟುಬಿದ್ದಿರುತ್ತದೆ. ನಕಲಿ ತಾಣದಲ್ಲಿ ಬಳಸೋಣ ಅಂದರೂ ನಡೆಯುವುದಿಲ್ಲ.

ಆನ್ ಮಾಡುವಾಗ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಅಲ್ಲೇ ಬರೆದುಕೊಳ್ಳಿ. ಫೋನ್ ಕಳೆದುಹೋದ ದಿನ ಒಳಗೆ ಹೋಗಲು ಅವೇ ದಾರಿ. ಫೋನ್ ಬದಲಿಸುವಾಗಲೂ ಹಳೆಯದನ್ನು ಅಳಿಸುವ ಮೊದಲು ಆಥೆಂಟಿಕೇಟರ್ ಹೊಸದಕ್ಕೆ ಬಂದಿದೆಯಾ ನೋಡಿ.

ಹಂತ 5: ಅಪ್‌ಡೇಟ್

‘ಆಮೇಲೆ ನೆನಪಿಸು’ ಒತ್ತುವ ಅಭ್ಯಾಸ ಎಷ್ಟು ದುಬಾರಿ ಅನ್ನುವುದಕ್ಕೆ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಸಾಕ್ಷಿ. ಅದು ನುಗ್ಗಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ದಾಳಿ ಆದದ್ದು ಮೇ 12ರಂದು. ನಡುವೆ ಹತ್ತಿರ ಹತ್ತಿರ ಎರಡು ತಿಂಗಳ ಕಾಲಾವಕಾಶ. ಆದರೂ ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು.

ಆಪರೇಟಿಂಗ್ ಸಿಸ್ಟಮ್ ಮತ್ತು ಬ್ರೌಸರ್‌ನ ಅಪ್‌ಡೇಟ್ ತಾನಾಗಿ ಆಗುವಂತೆ ಇಡಿ. ಬ್ರೌಸರ್ ಅಪ್‌ಡೇಟ್ ಪೂರ್ತಿಯಾಗಬೇಕಾದರೆ ಅದನ್ನು ಮುಚ್ಚಿ ತೆರೆಯಬೇಕು. ವಾರಗಟ್ಟಲೆ ಐವತ್ತು ಟ್ಯಾಬ್ ತೆರೆದಿಟ್ಟುಕೊಂಡರೆ ಅದು ಆಗುವುದೇ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ, ಇಂಟರ್ನೆಟ್ ನೋಡಲು, ಬರೆಯಲು, ಮೇಲ್ ಮಾಡಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಧಾರಾಳವಾಗಿ ಸಾಕು.

ಹಂತ 6: ಆಂಟಿವೈರಸ್ ಮತ್ತು ದಿನಬಳಕೆಯ ಖಾತೆ

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಕು. ಅದನ್ನು ಆಫ್ ಮಾಡಬೇಡಿ. ‘ಈ ಸಾಫ್ಟ್‌ವೇರ್ ಹಾಕುವ ಮುನ್ನ ಆಂಟಿವೈರಸ್ ಆಫ್ ಮಾಡಿ’ ಅಂತ ಯಾರಾದರೂ ಹೇಳಿದರೆ ಆ ಸಾಫ್ಟ್‌ವೇರೇ ಬೇಡ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಈ ಸಲಹೆ ಯಾವಾಗಲೂ ಬರುತ್ತದೆ.

ಇದರ ಜೊತೆ ಒಂದು ಚಿಕ್ಕ ಬದಲಾವಣೆ ಮಾಡಿ. ಕಂಪ್ಯೂಟರ್‌ನಲ್ಲಿ ಎರಡು ಖಾತೆ ಇರಲಿ. ಅಡ್ಮಿನಿಸ್ಟ್ರೇಟರ್ ಖಾತೆ ಸಾಫ್ಟ್‌ವೇರ್ ಹಾಕಲು ಮಾತ್ರ, ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ. ಮಕ್ಕಳಿಗೂ ಹಿರಿಯರಿಗೂ ಸ್ಟ್ಯಾಂಡರ್ಡ್ ಖಾತೆಯನ್ನೇ ಕೊಡಿ. ಏನೋ ಇನ್‌ಸ್ಟಾಲ್ ಆಗಲು ಹೊರಟಾಗ ಪಾಸ್‌ವರ್ಡ್ ಕೇಳುತ್ತದೆ, ಒಂದು ಕ್ಷಣ ಯೋಚಿಸಲು ಸಮಯ ಸಿಗುತ್ತದೆ.

ಹಂತ 7: ನಮ್ಮ ಕೈಯಿಂದಲೇ ಮಾಡಿಸುವ ಮೋಸಗಳು

ಈಗಿನ ದಾಳಿಗಳಲ್ಲಿ ಬಾಗಿಲು ಒಡೆದು ಬರುವವು ಕಡಿಮೆ, ನಮ್ಮಿಂದಲೇ ತೆರೆಸುವವು ಜಾಸ್ತಿ. ಒಂದನ್ನು ಹತ್ತಿರದಿಂದ ನೋಡೋಣ. 2024ರಿಂದ ಇದು ಎಲ್ಲ ಕಡೆ ಹಬ್ಬಿದೆ.

ಯಾವುದೋ ತಾಣ ತೆರೆಯುತ್ತೀರಿ. ‘ನೀವು ರೋಬೋ ಅಲ್ಲ ಎಂದು ದೃಢಪಡಿಸಿ’ ಅನ್ನುವ ಪರಿಚಿತ ಚೌಕ ಬರುತ್ತದೆ. ಒತ್ತುತ್ತೀರಿ. ಆ ಒತ್ತಿನಲ್ಲೇ ತಾಣ ನಿಮ್ಮ ಕ್ಲಿಪ್‌ಬೋರ್ಡ್‌ಗೆ ಒಂದು ಸಾಲನ್ನು ಸದ್ದಿಲ್ಲದೆ ಕಾಪಿ ಮಾಡಿರುತ್ತದೆ. ನಂತರ ಇನ್ನು ಮೂರೇ ಹೆಜ್ಜೆ ಅನ್ನುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಮೊದಲನೆಯದು ಆದೇಶ ನಡೆಸುವ ‘ರನ್’ ಪೆಟ್ಟಿಗೆ ತೆರೆಯುತ್ತದೆ. ಎರಡನೆಯದು ಆ ಸಾಲನ್ನು ಅಲ್ಲಿ ಅಂಟಿಸುತ್ತದೆ. ಪೆಟ್ಟಿಗೆ ಚಿಕ್ಕದು, ಹಾಗಾಗಿ ಕಾಣುವುದು ಸಾಲಿನ ಬಾಲ ಮಾತ್ರ. ಅಲ್ಲಿ ‘ನಾನು ರೋಬೋ ಅಲ್ಲ’ ಅಂತ ಬರೆದಿರುತ್ತದೆ. ಎಡಕ್ಕೆ ಸರಿಸಿ ನೋಡಿದರೆ ಕುತಂತ್ರಾಂಶ ತರಿಸುವ ಪವರ್‌ಶೆಲ್ ಆದೇಶ ಕೂತಿರುತ್ತದೆ. ಎಂಟರ್ ಒತ್ತಿದರೆ ಅದನ್ನು ನಡೆಸಿದವರು ನೀವೇ.

ಯಾವ ಅಸಲಿ ತಾಣವೂ ರನ್ ಪೆಟ್ಟಿಗೆ ಅಥವಾ ಟರ್ಮಿನಲ್ ತೆರೆದು ಏನನ್ನೋ ಅಂಟಿಸಿ ನೀವು ಮನುಷ್ಯ ಅಂತ ತೋರಿಸಲು ಹೇಳುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿಕೊಡಿ.

ಇನ್ನೊಂದು, ಪರದೆ ತುಂಬಾ ಕೆಂಪು ಎಚ್ಚರಿಕೆ, ಜೋರು ಸದ್ದು, ಕರೆ ಮಾಡಲು ಒಂದು ನಂಬರ್. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಬ್ರೌಸರ್ ಮುಚ್ಚಿ. ಮುಚ್ಚಲು ಬರದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ನಿಲ್ಲಿಸಿ. ಕರೆ ಮಾಡಿದರೆ ಅವರು ಎನಿಡೆಸ್ಕ್‌ನಂಥ ಸಾಫ್ಟ್‌ವೇರ್ ಹಾಕಿಸಿ ನಿಮ್ಮ ಪರದೆಯನ್ನೇ ತಮ್ಮ ಕೈಗೆ ತಗೊಳ್ಳುತ್ತಾರೆ.

ಕೊಂಡಿ ಓದುವುದನ್ನೂ ಕಲಿತಿಡಿ. ವಿಳಾಸದಲ್ಲಿ ಮೊದಲ ಒಂಟಿ ಓರೆ ಗೀಟು (/) ಎಲ್ಲಿದೆ ಹುಡುಕಿ, ಅದರ ಎಡಕ್ಕೆ ತೀರಾ ಹತ್ತಿರ ಇರುವುದೇ ತಾಣದ ನಿಜವಾದ ಹೆಸರು. ‘ನನ್ನಬ್ಯಾಂಕ್.ಕಾಮ್.ಖಾತೆಪರಿಶೀಲನೆ.ನೆಟ್/ಲಾಗಿನ್’ ಅಂತಿದ್ದರೆ ತಾಣ ‘ಖಾತೆಪರಿಶೀಲನೆ.ನೆಟ್’. ಮುಂದಿರುವ ಬ್ಯಾಂಕಿನ ಹೆಸರು ಬರೀ ವೇಷ. ಬೀಗದ ಚಿತ್ರ ನೋಡಿ ನಂಬಬೇಡಿ. ಸಂಪರ್ಕವನ್ನು ನಡುವೆ ಯಾರೂ ಓದಲಾರರು ಅಂತಷ್ಟೇ ಅದು ಹೇಳುತ್ತದೆ, ಆ ಕಡೆ ಇರುವವರು ಒಳ್ಳೆಯವರು ಅಂತ ಹೇಳುವುದಿಲ್ಲ. ಸಂದೇಶ ಹಣದ ವಿಷಯದ್ದಾದರೆ ಕೊಂಡಿ ಒತ್ತದೆ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ.

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿಡಿ. ‘ಬಿಲ್.ಪಿಡಿಎಫ್’ ಅಂತ ಕಾಣುವ ಫೈಲ್ ನಿಜಕ್ಕೂ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಆಗಿದ್ದರೆ ಆಗ ಗೊತ್ತಾಗುತ್ತದೆ.

ಹಂತ 8: ವೈಫೈ ರೂಟರ್

ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತದೆ. ವೈಫೈಯದು ಎಲ್ಲರಿಗೂ ಗೊತ್ತು. ಸೆಟ್ಟಿಂಗ್ಸ್ ಪುಟದ್ದನ್ನು ಮುಟ್ಟಿದವರು ಕಡಿಮೆ. 2016ರ ಮಿರಾಯ್ ದಾಳಿ ಕಂಪನಿಯೇ ಇಟ್ಟ ಇಂಥ ಅರವತ್ತರಷ್ಟು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಕ್ಯಾಮೆರಾ, ರೂಟರ್‌ಗಳ ದೊಡ್ಡ ಸೈನ್ಯವನ್ನೇ ಕಟ್ಟಿತ್ತು. ಆ ಪಾಸ್‌ವರ್ಡ್ ಬದಲಿಸಿ, ವೈಫೈ ಭದ್ರತೆಯ ಬಗೆಯಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ, ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಅತಿಥಿಗಳಿಗೂ ಟಿವಿ, ಕ್ಯಾಮೆರಾಗಳಿಗೂ ಗೆಸ್ಟ್ ನೆಟ್‌ವರ್ಕ್ ಕೊಡಿ.

ಹಂತ 9: ಡಿಸ್ಕ್ ಎನ್‌ಕ್ರಿಪ್ಶನ್

ಲ್ಯಾಪ್‌ಟಾಪ್ ಕಳುವಾದರೆ ಲಾಗಿನ್ ಪಾಸ್‌ವರ್ಡ್ ಒಂದರಿಂದ ಡೇಟಾ ಉಳಿಯುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಎಲ್ಲ ಓದಬಹುದು. ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ನ ಡೇಟಾವನ್ನು ಗೂಢಲಿಪಿಗೆ ಬದಲಿಸುವುದೇ ಎನ್‌ಕ್ರಿಪ್ಶನ್. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಮಾಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ. ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಾಗದದಲ್ಲೂ ಬರೆದಿಡಿ. ಆ ಕೀ ಇಲ್ಲದಿದ್ದರೆ ಕಳ್ಳನಿಗೂ ಡೇಟಾ ಸಿಗುವುದಿಲ್ಲ, ನಿಮಗೂ ಸಿಗುವುದಿಲ್ಲ.

ಏನೋ ಆಗಿಬಿಟ್ಟಿದೆ ಅನ್ನಿಸಿದರೆ

ಗಾಬರಿ ಸಹಜ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಕಿತ್ತು, ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಬಿಡಿಸಿ. ಬ್ಯಾಕಪ್ ಡಿಸ್ಕನ್ನು ಅದಕ್ಕೆ ಜೋಡಿಸಲೇಬೇಡಿ. ಪಾಸ್‌ವರ್ಡ್ ಬದಲಿಸುವುದನ್ನು ಬೇರೆ ಸಾಧನದಿಂದ ಮಾಡಿ. ಸೋಂಕು ತಗುಲಿದ ಯಂತ್ರದಲ್ಲಿ ಬದಲಿಸಿದರೆ ಹೊಸದೂ ಅವರಿಗೇ ಹೋಗುತ್ತದೆ. ಇಮೇಲ್ ಮೊದಲು, ಹಣಕಾಸು ಆಮೇಲೆ. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿ, ಯಾಕಂದರೆ ಬ್ರೌಸರ್ ಕುಕೀ (ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡುವ ಚಿಕ್ಕ ಗುರುತು) ಕದ್ದವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ತಡೆಯುವ ಸಾಧ್ಯತೆ ಜಾಸ್ತಿ.

ರ‍್ಯಾನ್ಸಮ್‌ವೇರ್ ಆದರೆ ಹಣ ಕೊಡಬೇಡಿ. ಕೊಟ್ಟರೂ ಫೈಲ್ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಹಲವು ಬಗೆಯ ರ‍್ಯಾನ್ಸಮ್‌ವೇರ್‌ಗೆ ಬೀಗ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದ ನಂತರವೇ ನಿಮ್ಮ ಫೈಲುಗಳನ್ನು ವಾಪಸ್ ತನ್ನಿ.

ಹಳೇ ಕಂಪ್ಯೂಟರ್ ಕೊಡುವಾಗ

ಫೈಲ್ ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವ್ರಿಥಿಂಗ್’ ಆರಿಸಿ. ಮುಂದೆ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಆನ್ ಮಾಡಿ. ಇದಕ್ಕೆ ಗಂಟೆಗಟ್ಟಲೆ ಬೇಕಾಗಬಹುದು, ಚಾರ್ಜರ್ ಹಾಕಿಟ್ಟು ಬಿಡಿ. ಹೊಸ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಇದೆ. ಯಂತ್ರ ಆನ್ ಆಗದ ಸ್ಥಿತಿಯಲ್ಲಿದ್ದರೆ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ಕೊಟ್ಟಾದ ಮೇಲೆ ನಿಮ್ಮ ಗೂಗಲ್, ಮೈಕ್ರೋಸಾಫ್ಟ್, ಆ್ಯಪಲ್ ಖಾತೆಗಳ ಸಾಧನ ಪಟ್ಟಿಯಿಂದಲೂ ಆ ಯಂತ್ರವನ್ನು ತೆಗೆದುಹಾಕಿ.